65 ಇಂಚೋ, 75 ಇಂಚೋ? ಗೋಡೆಯನ್ನೇ ಕೇಳಿ

ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ಟಿ.ವಿ.ಗಳ ಮುಂದೆ ನಿಂತಾಗ 65 ಇಂಚಿನದು ಸಣ್ಣದೆಂದೇ ಅನ್ನಿಸುತ್ತದೆ. ಅಲ್ಲಿ ಚಾವಣಿ ಎತ್ತರ, ಜಾಗ ವಿಶಾಲ, ಪಕ್ಕದಲ್ಲೇ ಇನ್ನೂ ದೊಡ್ಡ ಪರದೆ. ಕಣ್ಣು ಸುತ್ತಲಿನದಕ್ಕೆ ಹೋಲಿಸಿಯೇ ಅಳೆಯುತ್ತದೆ. ಅದೇ ಟಿ.ವಿ. ಮನೆಗೆ ಬಂದು ಗೋಡೆಯೇರಿದರೆ ಅರ್ಧ ಗೋಡೆಯನ್ನೇ ನುಂಗಿದಂತೆ ತೋರುತ್ತದೆ. ಆದ್ದರಿಂದ ಯಾವ ಅಳತೆ ಎಂಬುದನ್ನು ಅಂಗಡಿಗೆ ಹೊರಡುವ ಮೊದಲೇ, ಮನೆಯಲ್ಲಿ ಅಳತೆ ಟೇಪು ಹಿಡಿದು ತೀರ್ಮಾನಿಸಿಬಿಡಬೇಕು. ಅಂಗಡಿಯಲ್ಲಿ ನೋಡಬೇಕಾದದ್ದು ಚಿತ್ರದ ಗುಣಮಟ್ಟವನ್ನು ಮಾತ್ರ.

ಹತ್ತು ಇಂಚು ಎಂದರೆ ಎಷ್ಟು?

ಟಿ.ವಿ.ಯ ಇಂಚು ಅಗಲದ ಲೆಕ್ಕವಲ್ಲ. ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ಅಳತೆ. 65 ಇಂಚಿನ ಪರದೆ ಸುಮಾರು 144 ಸೆಂಟಿಮೀಟರ್ ಅಗಲ, 81 ಸೆಂಟಿಮೀಟರ್ ಎತ್ತರ ಇರುತ್ತದೆ. 75 ಇಂಚಿನದು 166 ಸೆಂಟಿಮೀಟರ್ ಅಗಲ, 93 ಸೆಂಟಿಮೀಟರ್ ಎತ್ತರ. ಅಗಲದಲ್ಲಿ ಹೆಚ್ಚುವುದು ಒಂದು ಗೇಣು, ಎತ್ತರದಲ್ಲಿ ಅರ್ಧ ಗೇಣು, ಅಷ್ಟೇ. ಆದರೆ ಎರಡೂ ಕಡೆ ಬೆಳೆಯುವುದರಿಂದ ಪರದೆಯ ವಿಸ್ತೀರ್ಣ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ. ಹೆಸರಿನಲ್ಲಿ ಹತ್ತೇ ಇಂಚಿನ ವ್ಯತ್ಯಾಸವಿದ್ದರೂ ಕಣ್ಣಿಗೆ ಅದು ಬಹಳ ದೊಡ್ಡದಾಗಿ ಕಾಣುವುದು ಇದಕ್ಕೇ.

ಕುಳಿತಲ್ಲಿಂದ ಅಳೆಯಿರಿ

ಈಗ ಸೋಫಾದಲ್ಲಿ ನೀವು ದಿನವೂ ಕೂರುವಂತೆಯೇ ಒರಗಿ ಕುಳಿತುಕೊಳ್ಳಿ. ಮನೆಯ ಮತ್ತೊಬ್ಬರು ನಿಮ್ಮ ಕಣ್ಣಿನಿಂದ ಪರದೆ ಬರುವ ಗೋಡೆಯವರೆಗೆ ಟೇಪು ಹಿಡಿಯಲಿ. ಸೋಫಾದ ಮುಂದಿನ ಅಂಚಿನಿಂದ ಅಳೆಯುವುದು ಎಲ್ಲರೂ ಮಾಡುವ ತಪ್ಪು. ಅಲ್ಲೇ ಎರಡಡಿ ಲೆಕ್ಕ ತಪ್ಪಿರುತ್ತದೆ. ಟಿ.ವಿ.ಯನ್ನು ಮೇಜಿನ ಮೇಲೆ ಇಡುವುದಾದರೆ ಪರದೆ ಗೋಡೆಯಿಂದ ಎಷ್ಟು ಮುಂದೆ ಬರುತ್ತದೆಯೋ ಅಷ್ಟನ್ನು ಕಳೆಯಿರಿ.

ಚಿತ್ರತಂತ್ರಜ್ಞರ ಸಂಸ್ಥೆಯಾದ ಎಸ್‌ಎಂಪಿಟಿಇ ಹೇಳುವಂತೆ ಪರದೆ ನೋಡುವವರ ದೃಷ್ಟಿಯಲ್ಲಿ ಕನಿಷ್ಠ 30 ಡಿಗ್ರಿಯಷ್ಟು ಹರಡಿರಬೇಕು, ಅಂದರೆ ಕಣ್ಣಿನಿಂದ ಪರದೆಯ ಎಡ, ಬಲ ಅಂಚುಗಳಿಗೆ ಎಳೆದ ಗೆರೆಗಳ ನಡುವಿನ ಕೋನ ಅಷ್ಟಿರಬೇಕು. ಸಿನಿಮಾ ಮಂದಿರದ ಅನುಭವ ಬೇಕೆನ್ನುವವರಿಗೆ, ಚಿತ್ರಮಂದಿರಗಳ ಚಿತ್ರ ಮತ್ತು ಧ್ವನಿಯ ಗುಣಮಟ್ಟವನ್ನು ಪ್ರಮಾಣೀಕರಿಸುವ ಸಂಸ್ಥೆಯಾದ ಟಿಎಚ್‌ಎಕ್ಸ್ ಸೂಚಿಸುವುದು 40 ಡಿಗ್ರಿ. ಇದನ್ನು ಅಡಿಗೆ ಇಳಿಸಿದರೆ ಪರದೆಯ ಓರೆ ಅಳತೆಯ 1.2 ಪಟ್ಟಿನಿಂದ 1.6 ಪಟ್ಟು ದೂರ ಬರುತ್ತದೆ. 65 ಇಂಚಿಗೆ ಆರೂವರೆ ಅಡಿಯಿಂದ ಎಂಟೂಮುಕ್ಕಾಲು ಅಡಿ, 75 ಇಂಚಿಗೆ ಏಳೂವರೆ ಅಡಿಯಿಂದ ಹತ್ತು ಅಡಿ.

ನಿಮ್ಮ ದೂರ ಏಳೂವರೆ ಅಡಿಗಿಂತ ಕಡಿಮೆ ಇದ್ದರೆ 65 ಸಾಕು. ಅದಕ್ಕಿಂತ ದೊಡ್ಡದಾದರೆ ಅಂಚಿನಲ್ಲಿ ನಡೆಯುವುದನ್ನು ನೋಡಲು ಕತ್ತು ಹೊರಳಿಸುತ್ತಿರಬೇಕಾಗುತ್ತದೆ. ಎಂಟೂಮುಕ್ಕಾಲು ಅಡಿ ದಾಟಿದ್ದರೆ ಹಿಂದೆಮುಂದೆ ನೋಡದೆ 75ರ ಕಡೆ ಹೋಗಿ. ದೂರದಲ್ಲಿ ಕೂರುವ ಹಿರಿಯರಿಗೆ ಕೆಳಗೆ ಹರಿಯುವ ಅಕ್ಷರಗಳನ್ನು ಓದುವುದು ಸಲೀಸಾಗುತ್ತದೆ. ಇವೆರಡರ ನಡುವಿನ ಒಂದೂಕಾಲು ಅಡಿಯಲ್ಲಿ ಎರಡೂ ಹೊಂದುತ್ತವೆ. ಗೊಂದಲವಿರುವುದೂ ಅಲ್ಲೇ, ಮುಂದಿನ ಮಾತೆಲ್ಲ ಮುಖ್ಯವಾಗಿ ಆ ನಡುವಿನವರಿಗೆ.

ಏನು ನೋಡುತ್ತೀರಿ?

4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳಿರುತ್ತವೆ. ಟಿ.ವಿ. ದೊಡ್ಡದಾದರೆ ಇವು ಹೆಚ್ಚುವುದಿಲ್ಲ, ಒಂದೊಂದು ಚುಕ್ಕೆಯೂ ದಪ್ಪವಾಗುತ್ತದೆ. ಹಾಗೆಂದು ಹೆದರಬೇಕಾಗಿಲ್ಲ. ದೃಷ್ಟಿ ಸರಿಯಾಗಿರುವವರಿಗೆ 75 ಇಂಚಿನ 4ಕೆ ಪರದೆಯ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ಐದಡಿಗಿಂತ ಹತ್ತಿರ ಕೂರಬೇಕು. ತೊಂದರೆ ಬರುವುದು ಹಳೆಯ ಧಾರಾವಾಹಿ, ಹಳೆಯ ಸಿನಿಮಾ, ಕಡಿಮೆ ಗುಣಮಟ್ಟದ ವಾಹಿನಿಗಳನ್ನು ನೋಡುವಾಗ. ಪರದೆ ದೊಡ್ಡದಾದಷ್ಟೂ ಆ ಚಿತ್ರದ ಮಸುಕು ಎದ್ದು ಕಾಣುತ್ತದೆ. ದಿನದ ಬಹುಪಾಲು ಇಂಥದ್ದೇ ನೋಡುವ ಮನೆಗೆ 65 ಇಂಚು ಹಿತ. ಹೊಸ ಸಿನಿಮಾ ಮತ್ತು ಆಟದ ಪಂದ್ಯಗಳೇ ಹೆಚ್ಚಾದರೆ 75 ಇಂಚು ಕೊಡುವ ಸಂತೋಷವೇ ಬೇರೆ.

ಗೋಡೆಗೆ ಹಾಳೆ ಅಂಟಿಸಿ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ. ಹಳೆಯ ಪತ್ರಿಕೆಯ ಹಾಳೆಗಳನ್ನು ಜೋಡಿಸಿ 166 ಸೆಂಟಿಮೀಟರ್ ಅಗಲ, 93 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಬಣ್ಣ ಕೀಳದ ಟೇಪಿನಿಂದ ಗೋಡೆಗೆ ಅಂಟಿಸಿ. ಅದರೊಳಗೆ ದಪ್ಪ ಪೆನ್ನಿನಿಂದ 65 ಇಂಚಿನ ಚೌಕಟ್ಟನ್ನೂ ಬರೆಯಿರಿ. ಹಾಳೆಯ ನಡುಭಾಗ ನೀವು ಕುಳಿತಾಗ ಕಣ್ಣು ಇರುವ ಎತ್ತರಕ್ಕೆ ಬರಬೇಕು. ಅದು ನೆಲದಿಂದ ಸುಮಾರು ಒಂದು ಮೀಟರ್. ಬಹಳ ಕೆಳಗಾಯಿತೆಂದು ನಿಂತು ನೋಡುವಾಗ ಅನ್ನಿಸುತ್ತದೆ. ಕುಳಿತು ನೋಡಿ, ಸರಿಯೆನಿಸುತ್ತದೆ. ಟಿ.ವಿ.ಯನ್ನು ಭಾವಚಿತ್ರದಂತೆ ಎತ್ತರಕ್ಕೆ ಹಾಕಿ ಕತ್ತು ನೋಯಿಸಿಕೊಳ್ಳುವವರೇ ಹೆಚ್ಚು.

ಹಾಳೆ ಮೂರು ನಾಲ್ಕು ದಿನ ಅಲ್ಲೇ ಇರಲಿ. ನಮ್ಮ ಮನೆಯಲ್ಲಿ ಹೀಗೆ ಅಂಟಿಸಿದ ಎರಡನೆಯ ಸಂಜೆ ಯಾರೋ ಕೋಣೆಯ ಬಾಗಿಲನ್ನು ಪೂರ್ತಿ ತೆರೆದರು. ಬಾಗಿಲಿನ ಹಿಡಿಕೆ ಹಾಳೆಯ ಬಲ ಅಂಚಿಗೆ ತಗುಲಿ ಕಾಗದ ನಾಲ್ಕು ಬೆರಳಿನಷ್ಟು ಹರಿಯಿತು. ಆ ಹಿಡಿಕೆ ಅಷ್ಟು ದೂರ ಬರುತ್ತದೆ ಎಂಬುದು ಅಲ್ಲಿಯವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ಹರಿದ ಜಾಗ 65ರ ಗೆರೆಯಿಂದ ಸಾಕಷ್ಟು ಆಚೆಗಿತ್ತು. ಚರ್ಚೆ ಅಲ್ಲಿಗೇ ಮುಗಿಯಿತು, ನಾವು 65 ಇಂಚನ್ನೇ ತಂದೆವು. ನೀವೂ ಬಾಗಿಲು, ಕಿಟಕಿಯ ಪರದೆ, ಸ್ವಿಚ್ ಬೋರ್ಡು, ಕಪಾಟಿನ ಬಾಗಿಲು ಎಲ್ಲವನ್ನೂ ತೆರೆದು ಮುಚ್ಚಿ ನೋಡಿ.

ಮನೆಯೊಳಗೆ ಬರುವ ದಾರಿ

75 ಇಂಚಿನ ಟಿ.ವಿ.ಯ ರಟ್ಟಿನ ಪೆಟ್ಟಿಗೆ ಉದ್ದದಲ್ಲಿ ಆರಡಿಯನ್ನು ಮುಟ್ಟುತ್ತದೆ. ಅದನ್ನು ಮಲಗಿಸಿ ಸಾಗಿಸಬಾರದು. ಪರದೆಯ ಮೇಲೆ ಭಾರ ಬಿದ್ದು ಬಿರುಕು ಬಿಡಬಹುದು. ನಿಲ್ಲಿಸಿಕೊಂಡೇ ಮೆಟ್ಟಿಲಿನ ತಿರುವು ದಾಟಬೇಕು, ಲಿಫ್ಟಿನಲ್ಲಿ ಹಿಡಿಸಬೇಕು. ಪೆಟ್ಟಿಗೆಯ ಅಳತೆಯನ್ನು ಮಾರಾಟಗಾರರಿಂದ ಕೇಳಿ ಪಡೆದು ತಿರುವುಗಳನ್ನೆಲ್ಲ ಅಳೆದುಕೊಳ್ಳಿ.

ಮೇಜಿನ ಮೇಲೆ ಇಡುವವರು ಮತ್ತೊಂದು ವಿಷಯ ಗಮನಿಸಬೇಕು. ಅನೇಕ ದೊಡ್ಡ ಟಿ.ವಿ.ಗಳಿಗೆ ನಡುವೆ ಒಂದೇ ಪೀಠವಿರುವುದಿಲ್ಲ, ಎರಡು ತುದಿಗಳಲ್ಲಿ ಎರಡು ಕಾಲುಗಳಿರುತ್ತವೆ. ಆ ಕಾಲುಗಳ ನಡುವಿನ ಅಂತರಕ್ಕಿಂತ ಮೇಜು ಅಗಲವಾಗಿರಲೇಬೇಕು. ಗೋಡೆಗೆ ಹಾಕುವುದಾದರೆ ತೂಕ ನೋಡಿ. 75 ಇಂಚಿನವು ಸಾಮಾನ್ಯವಾಗಿ 30 ಕಿಲೋ ಆಸುಪಾಸು ತೂಗುತ್ತವೆ. ಗಟ್ಟಿ ಇಟ್ಟಿಗೆಯ ಗೋಡೆಗೆ ಅದು ಲೆಕ್ಕಕ್ಕಿಲ್ಲ. ಜಿಪ್ಸಂ ಹಲಗೆಯ ಗೋಡೆಯಾದರೆ ಒಳಗಿನ ಚೌಕಟ್ಟಿಗೇ ಬ್ರಾಕೆಟ್ ಕಚ್ಚಿಕೊಳ್ಳಬೇಕು, ಅದನ್ನು ಬಲ್ಲವರಿಂದಲೇ ಮಾಡಿಸಿ.

ಹಣ ಒಂದೇ ಆದಾಗ

ಒಂದೇ ಮೊತ್ತಕ್ಕೆ ಸಾಧಾರಣ ಗುಣಮಟ್ಟದ 75 ಇಂಚು ಸಿಗುತ್ತದೆ, ಉತ್ತಮ ಗುಣಮಟ್ಟದ 65 ಇಂಚೂ ಸಿಗುತ್ತದೆ ಎಂದುಕೊಳ್ಳಿ. ಹಗಲು ಬೆಳಕು ತುಂಬುವ ಕೋಣೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಪ್ರಖರತೆ ಕಡಿಮೆಯಿರುವ ದೊಡ್ಡ ಪರದೆಯಲ್ಲಿ ಮಧ್ಯಾಹ್ನದ ಹೊತ್ತು ಚಿತ್ರಕ್ಕಿಂತ ಕಿಟಕಿಯ ಪ್ರತಿಬಿಂಬವೇ ಚೆನ್ನಾಗಿ ಕಾಣುತ್ತದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವುದೇ ಮುಖ್ಯವಾದರೆ ದೊಡ್ಡದಕ್ಕೆ ಹೋಗಬಹುದು. ಮನೆಯವರೆಲ್ಲ ಕೋಣೆಯ ತುಂಬ ಹರಡಿ ಕೂರುವುದಾದರೆ ಅಂಗಡಿಯಲ್ಲಿ ಟಿ.ವಿ.ಯನ್ನು ಓರೆಯಿಂದಲೂ ನೋಡಿ, ಕೆಲವು ಪರದೆಗಳಲ್ಲಿ ಪಕ್ಕದಿಂದ ಬಣ್ಣ ತೆಳುವಾಗುತ್ತದೆ. ದೊಡ್ಡ ಪರದೆಗೆ ವಿದ್ಯುತ್ತೂ ಹೆಚ್ಚು ಬೇಕು, ವಿದ್ಯುತ್ ಬಳಕೆ ತಿಳಿಸುವ ಪಟ್ಟಿಯನ್ನೊಮ್ಮೆ ಓದಿಕೊಳ್ಳಿ.

ಟಿ.ವಿ. ಮನೆಗೆ ಬಂದ ದಿನ ಗೋಡೆಗೆ ಏರಿಸುವ ಮೊದಲೇ ನಿಲ್ಲಿಸಿಕೊಂಡು ಚಾಲೂ ಮಾಡಿಸಿ. ಪರದೆ ಪೂರ್ತಿ ಬಿಳಿ, ಆಮೇಲೆ ಪೂರ್ತಿ ಕಪ್ಪು ಇರುವಾಗ ಗೆರೆ, ಕಲೆ, ಬಿರುಕು ಇದೆಯೇ ನೋಡಿ. ಬದಲಿಸಿಕೊಳ್ಳುವ ಅವಧಿ ಮುಗಿಯುವವರೆಗೆ ಪೆಟ್ಟಿಗೆಯನ್ನೂ ಒಳಗಿನ ಥರ್ಮೋಕೋಲನ್ನೂ ಎಸೆಯಬೇಡಿ.