ಹೊಯ್ಗೆಯಲ್ಲಿ ಗಾಡಿ ಹೂತ್ರೆ ಮೊದಲು ಕಾಲು ತೆಗೀರಿ: ಹೊಸದಾಗಿ ಗಲ್ಫಿಗೆ ಬರುವ ಕಾಸರಗೋಡಿನವರಿಗೆ

ರಜೆಯಲ್ಲಿ ಊರಿಗೆ ಬಂದಿದ್ದೇನೆ, ನೀರ್ಚಾಲಿನ ಮನೆ ಜಗಲಿಯಲ್ಲಿ ಕೂತು ಇದನ್ನು ಟೈಪ್ ಮಾಡ್ತಾ ಇದ್ದೇನೆ, ಹೊರಗೆ ಮಳೆ ಧೋ ಅಂತ ಸುರೀತಾ ಉಂಟು. ನಿನ್ನೆ ಪಕ್ಕದ ಮನೆ ಹುಡುಗ ಬಂದಿದ್ದ, ಬರುವ ತಿಂಗಳು ಶಾರ್ಜಾಕ್ಕೆ ಹೊರಡುದಂತೆ, ವೀಸಾ ಎಲ್ಲ ಆಯ್ತಂತೆ. ರೂಮಿನ ಬಾಡಿಗೆ ಎಷ್ಟು ಅಂತ ಕೇಳಲಿಲ್ಲ, ಊಟಕ್ಕೆ ಎಂತ ಮಾಡುದು ಅಂತ ಕೇಳಲಿಲ್ಲ, ಕೇಳಿದ್ದು ಒಂದೇ, "ಅಣ್ಣಾ, ನೀವು ಶುಕ್ರವಾರ ಮರಳುಗಾಡಿಗೆ ಗಾಡಿ ಹಾಕ್ತೀರಲ್ಲ, ನನ್ನನ್ನೂ ಕರ್ಕೊಂಡು ಹೋಗ್ತೀರಾ?" ಇದು ಅವನೊಬ್ಬನ ಕಥೆ ಅಲ್ಲ. ವರ್ಷಕ್ಕೆ ನಾಲ್ಕೈದು ಜನ ಕೇಳ್ತಾರೆ, ಒಬ್ಬಿಬ್ಬರು ಕೇಳದೆಯೇ ಹೋಗಿ ಸಿಕ್ಕಿಹಾಕಿಕೊಂಡು ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತಾರೆ. ಅದಕ್ಕೇ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದ್ದೇನೆ, ಯುಎಇ ಲೆಕ್ಕದಲ್ಲಿ, ಯಾಕಂದ್ರೆ ನನಗೆ ಗೊತ್ತಿರುದು ಅದೊಂದೇ.

ಮೊದಲು ಬೋರು ಹೊಡೆಸುವ ವಿಷಯ ಮುಗಿಸ್ತೇನೆ. ರೆಸಿಡೆನ್ಸ್ ವೀಸಾ ಆದ ಮೇಲೆ ಊರಿನ ಲೈಸೆನ್ಸಿನಲ್ಲಿ ಅಲ್ಲಿ ಓಡಿಸ್ಲಿಕ್ಕಿಲ್ಲ, ಅಲ್ಲಿದೇ ತೆಗೀಬೇಕು. ಬಾಡಿಗೆ ಗಾಡಿ, ಕಂಪನಿ ಗಾಡಿ ಎರಡನ್ನೂ ಮರಳಿಗೆ ಇಳಿಸ್ಬೇಡಿ. ಸ್ವಂತ ಗಾಡಿಯಾದ್ರೂ ಇನ್ಶೂರೆನ್ಸ್ ಪಾಲಿಸಿಯಲ್ಲಿ ಆಫ್‌ರೋಡ್ ಸೇರಿದೆಯಾ ನೋಡಿ, ಸೇರದಿದ್ರೆ ಬಂಪರಿಂದ ಬಾನೆಟ್‌ವರೆಗೆ ಎಲ್ಲ ನಿಮ್ಮ ಕಿಸೆಯಿಂದಲೇ. ಮತ್ತೆ ಗಾಡಿ ಅಂದ್ರೆ ನಾಲ್ಕೂ ಚಕ್ರಕ್ಕೆ ಪವರ್ ಹೋಗುವ, ಲೋ ರೇಂಜ್ (ನಿಧಾನ ಹೋಗಿ ಜಾಸ್ತಿ ಬಲ ಕೊಡುವ ಗೇರು) ಇರುವ, ನೆಲದಿಂದ ಎತ್ತರ ಇರುವ ಗಾಡಿ. ಪಜೇರೊ, ಪ್ರಾಡೊ, ಪೆಟ್ರೋಲ್ ಅಂತ ಎಲ್ಲರೂ ಹೇಳುವ ಆ ನಿಸ್ಸಾನ್ ಪಟ್ರೋಲ್, ಹಳೇದಾದ್ರೂ ಸಾಕು. ನೋಡ್ಲಿಕ್ಕೆ ಎಸ್‌ಯುವಿ ಥರ ಇರುವ ಮುಂದಿನ ಚಕ್ರದ ಗಾಡಿ ಸೂಪರ್‌ಮಾರ್ಕೆಟಿಗೆ ಒಳ್ಳೇದು.

ಆದರೆ ಗಾಡಿ ತೆಗೊಳ್ಳುವ ಮೊದಲು ಎರಡು ಮೂರು ಸಲ ಬೇರೆಯವರ ಪಕ್ಕದ ಸೀಟಿನಲ್ಲಿ ಕೂತು ಹೋಗಿ. ಬೆನ್ನುನೋವು ಇದ್ದವರು, ಬಸುರಿಯರು, ಕೂಸುಮಕ್ಕಳು ಬೇಡವೇ ಬೇಡ. ಕೆಲವರಿಗೆ ಮೊದಲ ಅರ್ಧ ಗಂಟೆಯಲ್ಲೇ ವಾಂತಿ ಆಗ್ತದೆ, ನನ್ನ ಭಾವ ಮೂರು ಬನ್ಸ್ ತಿಂದು ಹತ್ತಿದ್ದ, ಆಮೇಲಿನದ್ದು ಬೇಡ.

ಈಗ ಟೈರಿನ ಗಾಳಿಯ ವಿಷಯ. ಹೊಸಬರಿಗೆ ಇದು ನಂಬಿಕೆಯೇ ಬರುದಿಲ್ಲ, ಎಂಜಿನ್ ದೊಡ್ಡದಿದ್ರೆ ಸಾಕು ಅಂತ ತಿಳ್ಕೊಂಡಿರ್ತಾರೆ. ರೋಡಿನಲ್ಲಿ ಟೈರಿಗೆ 33–35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರ್ತದಲ್ಲ, ಮರಳಿಗೆ ಇಳಿಯುವ ಮೊದಲು ಅದನ್ನು 15ಕ್ಕೆ ಇಳಿಸ್ತೇವೆ, ಹೊಯ್ಗೆ ತುಂಬ ಮೆತ್ತಗಿದ್ರೆ 12–13. ಗಾಡಿಯ ಭಾರ ಅಷ್ಟೇ, ಒಳಗಿನ ಒತ್ತಡ ಅರ್ಧಕ್ಕಿಂತ ಕಮ್ಮಿ ಆಯ್ತು ಅಂದ್ರೆ ನೆಲಕ್ಕೆ ತಾಗುವ ಜಾಗ ಎರಡು ಪಾಲಿಗಿಂತ ಜಾಸ್ತಿ ಆಗ್ಬೇಕಲ್ಲ, ಅಷ್ಟೇ ಲೆಕ್ಕ. ಟೈರು ಅಗಲ ಆಗುದು ಕಮ್ಮಿ, ಉದ್ದ ಆಗುದು ಜಾಸ್ತಿ. ಕೆಸರು ಗದ್ದೆಗೆ ಹಲಗೆ ಹಾಕಿ ಅದರ ಮೇಲೆ ನಡೆದ್ರೆ ಕಾಲು ಹೂಳುದಿಲ್ಲ ನೋಡಿ, ಅದೇ. ಹಾಗಂತ 10ಕ್ಕಿಂತ ಕೆಳಗೆ ಇಳಿಸಿ ಜೋರಾಗಿ ಸ್ಟೇರಿಂಗ್ ತಿರುಗಿಸಿದ್ರೆ ಟೈರು ರಿಮ್ಮಿಂದ ಕಳಚಿ ಬರ್ತದೆ, ಅದಕ್ಕೆ ಅಲ್ಲಿ ಪಾಪೌಟ್ ಅಂತಾರೆ. ಓಡಿ ಓಡಿ ಟೈರು ಬಿಸಿಯಾದ ಹಾಗೆ ಒಂದೆರಡು ಪಿಎಸ್‌ಐ ತಾನೇ ಏರ್ತದೆ, ನಡುವಲ್ಲಿ ಒಮ್ಮೆ ಗೇಜ್ ಹಾಕಿ ನೋಡಿ.

ಒಬ್ಬರೇ ಹೋಗ್ಬೇಡಿ. ಎರಡು ಗಾಡಿ ಕಮ್ಮಿಯಲ್ಲಿ ಕಮ್ಮಿ, ಮೂರಿದ್ರೆ ನಿಶ್ಚಿಂತೆ, ಯಾಕಂದ್ರೆ ಎಳೀಲಿಕ್ಕೆ ಬಂದವನೂ ಹೂತುಹೋಗುದು ಮಾಮೂಲು. ಗುಂಪಿನಲ್ಲಿ ಮುಂದಿನವ ಲೀಡ್, ಕೊನೆಯವ ಸ್ವೀಪ್, ಸ್ವೀಪ್ ಅಂದ್ರೆ ಅನುಭವ ಇದ್ದವನೇ, ಅವನ ಹಿಂದೆ ಯಾರೂ ಉಳೀಲಿಕ್ಕಿಲ್ಲ. ಹೊಸಬರನ್ನು ಲೀಡಿನ ಬೆನ್ನಿಗೇ ಹಾಕ್ತಾರೆ, ಹಿಂದೆ ಹಾಕಿದ್ದಾರಾ ಮುಂದೆ ಹಾಕಿದ್ದಾರಾ ಅಂತ ಮರ್ಯಾದೆ ಪ್ರಶ್ನೆ ಮಾಡ್ಬೇಡಿ. ಮುಂದಿನ ಗಾಡಿಯ ಗುರುತಿನ ಮೇಲೆಯೇ ಹೋಗಿ, ಹತ್ತಿರ ಅಂಟಿಕೊಳ್ಬೇಡಿ, ಅವನು ದಿಣ್ಣೆ ದಾಟಿ ರೇಡಿಯೋದಲ್ಲಿ, ಅಂದ್ರೆ ವಾಕಿಟಾಕಿಯಲ್ಲಿ, ಕ್ಲಿಯರ್ ಅಂದ ಮೇಲೆ ನೀವು ಹತ್ತಿ. ದಿಣ್ಣೆಯ ಆಚೆ ಬದಿ ಅವನು ನಿಂತಿರ್ಬಹುದು, ನೀವು ಹಾರಿ ಅವನ ತಲೆ ಮೇಲೆ ಬಿದ್ರೆ ಎಂತ ಗತಿ. ಎರಡು ಮೀಟರಿನ ಕೋಲಿಗೆ ಕಿತ್ತಳೆ ಬಾವುಟ ಕಟ್ಟುದು ಶೋಕಿಗಲ್ಲ, ಆಚೆ ಕಡೆಯಿಂದ ಬರುವವನಿಗೆ ಗಾಡಿಗಿಂತ ಮೊದಲು ಕಾಣುದು ಅದು.

ಹೊಯ್ಗೆಯ ಜಾತಿ ಸ್ವಲ್ಪ ತಿಳ್ಕೊಳ್ಳಿ. ಅಲ್ಲಿ ಹೆಚ್ಚಾಗಿ ಬೀಸುದು ವಾಯವ್ಯದಿಂದ ಬರುವ ಶಮಾಲ್ ಗಾಳಿ. ಗಾಳಿಗೆ ಮುಖ ಕೊಟ್ಟ ಬದಿ ಒತ್ತಿ ಒತ್ತಿ ಗಟ್ಟಿಯಾಗಿರ್ತದೆ, ಓರೆ ಕಮ್ಮಿ, ಅದರಲ್ಲಿ ಹತ್ತಬಹುದು. ಆಚೆ ಬದಿ ಮರಳು ಜಾರಿ ಬಿದ್ದು ನಿಂತದ್ದು, ಸುಮಾರು 34 ಡಿಗ್ರಿ ಇಳಿಜಾರು, ನಮ್ಮ ಹಂಚಿನ ಮಾಡಿನ ಹಾಗೆ, ಅಲ್ಲಿ ಇಳೀಬಹುದು ಹತ್ಲಿಕ್ಕಾಗುದಿಲ್ಲ. ಬೆಳಿಗ್ಗೆ ತಂಪಿಗೆ ಹೊಯ್ಗೆ ಹಿಡಿದುಕೊಂಡಿರ್ತದೆ, ಬಿಸಿಲೇರಿದ ಹಾಗೆ ಸಡಿಲ. ನಡು ಮಧ್ಯಾಹ್ನ ನೆರಳೇ ಇಲ್ಲದ ಕಾರಣ ಗುಂಡಿ ಯಾವುದು ದಿಣ್ಣೆ ಯಾವುದು ಕಣ್ಣಿಗೆ ಗೊತ್ತಾಗುದಿಲ್ಲ, ಹೆಚ್ಚಿನ ಎಡವಟ್ಟು ಆಗುದು ಆ ಹೊತ್ತಲ್ಲೇ. ನಮ್ಮವರು ಮೊದಲು ಹೋಗುದು ಮ್ಲೀಹಾ, ಫಾಸಿಲ್ ರಾಕ್ ಕಡೆಗೆ, ಇಲ್ಲದಿದ್ರೆ ಹತ್ತಾ ರೋಡಿನ ಅಲ್ ಬದಾಯರಿಗೆ, ಬಿಗ್ ರೆಡ್ ಅಂತ ಕರೀತಾರೆ. ಅಲ್ಲಿಯ ಕೆಂಪು ನೋಡಿ ನನಗೆ ಮೊದಲ ದಿನ ಊರಿನ ಮುರಕಲ್ಲು ನೆನಪಾಗಿತ್ತು, ಸುಮ್ನೆ ಅಲ್ಲ, ಎರಡರಲ್ಲೂ ಬಣ್ಣ ಕೊಡುದು ಕಬ್ಬಿಣದ ತುಕ್ಕೇ. ಅಬುಧಾಬಿಯ ಲೀವಾದ ಕಡೆ, ತಲ್ ಮೊರೀಬ್ ಅಂತ 300 ಮೀಟರಿನ ಹತ್ತಿರ ಎತ್ತರದ ದಿಣ್ಣೆ ಉಂಟಲ್ಲ, ಅಲ್ಲಿಗೆ ಮೊದಲ ವರ್ಷ ಹೋಗುದೇ ಬೇಡ.

ಓಡಿಸುದರಲ್ಲಿ ಮುಖ್ಯ ಮೂರು ನಾಲ್ಕು ಸಂಗತಿ. ಚಕ್ರ ಜಾರದ ಹಾಗೆ ನೋಡುವ ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಇಲ್ಲದಿದ್ರೆ ಬೇಕಾದ ಹೊತ್ತಿಗೇ ಅದು ಪವರ್ ಕಟ್ ಮಾಡ್ತದೆ. ನಿಲ್ಲಿಸ್ಬೇಕಾದ್ರೆ ಬ್ರೇಕ್ ಒತ್ತಬೇಡಿ, ಎಕ್ಸಲೇಟರ್ ಬಿಟ್ರೆ ಹೊಯ್ಗೆಯೇ ನಿಲ್ಲಿಸ್ತದೆ, ಬ್ರೇಕ್ ಹಾಕಿದ್ರೆ ಚಕ್ರದ ಎದುರು ಸಣ್ಣ ಗೋಡೆ ಕಟ್ಟಿದ ಹಾಗೆ ಆಗ್ತದೆ. ನಿಲ್ಲಿಸುದು ಯಾವಾಗಲೂ ಮೂತಿ ಇಳಿಜಾರಿಗೆ ಇರುವ ಹಾಗೆ. ದಿಣ್ಣೆ ಹತ್ತುದೂ ಇಳಿಯುದೂ ನೆಟ್ಟಗೆ, ಓರೆಯಲ್ಲಿ ಹೋದ್ರೆ ಮಗುಚುದು. ಓರೆಯಲ್ಲಿ ಗಾಡಿ ಜಾರ್ಲಿಕ್ಕೆ ಸುರುವಾದ್ರೆ ಮನಸ್ಸು ಮೇಲಕ್ಕೆ ತಿರುಗಿಸು ಅಂತದೆ, ಸ್ಟೇರಿಂಗ್ ಕೆಳಕ್ಕೇ ತಿರುಗಿಸಿ ಸ್ವಲ್ಪ ಎಕ್ಸಲೇಟರ್ ಕೊಡಿ. ಇದು ಓದಿ ಬರುದಲ್ಲ, ಸಣ್ಣ ದಿಣ್ಣೆಯಲ್ಲಿ ಪಕ್ಕದಲ್ಲಿ ಒಬ್ಬರನ್ನು ಕೂರಿಸ್ಕೊಂಡು ಇಪ್ಪತ್ತು ಸಲ ಮಾಡಿದ್ರೆ ಮಾತ್ರ ಬರುದು.

ಈಗ ಹೂತುಹೋಗುವ ವಿಷಯಕ್ಕೆ ಬರ್ತೇನೆ. ನನ್ನ ಎರಡನೇ ಟ್ರಿಪ್ಪು, ಸೆಕೆಂಡ್‌ಹ್ಯಾಂಡ್ ಪಜೇರೊ, ಒಂದು ಸಾಧಾರಣ ದಿಣ್ಣೆಯ ಅಂಚಿಗೆ ಬಂದು ಹೆದರಿ ಕಾಲು ಬಿಟ್ಟೆ, ಗಾಡಿ ನಿಂತಿತು. ರೇಡಿಯೋ ಕೈಯಲ್ಲೇ ಉಂಟು, ಸ್ಟಕ್ ಅಂತ ಹೇಳಿದ್ರೆ ಮುಗೀತು, ಆದರೆ ಹಿಂದೆ ಐದು ಗಾಡಿ ನಮ್ಮ ಊರಿನವರದ್ದೇ, ಮಂಜೇಶ್ವರದಿಂದ ಹೊಸಂಗಡಿವರೆಗಿನ ಎಲ್ಲರೂ ಇದ್ದಾರೆ, ನಾಚಿಕೆ. ಯಾರಿಗೂ ಗೊತ್ತಾಗುವ ಮೊದಲು ಹೊರಗೆ ಬರ್ತೇನೆ ಅಂತ ಒತ್ತಿದೆ ನೋಡಿ ಎಕ್ಸಲೇಟರ್, ಹತ್ತು ಸೆಕೆಂಡು ಇರ್ಬಹುದು, ಚಕ್ರ ತಿರುಗಿ ತಿರುಗಿ ಗಾಡಿಯ ಹೊಟ್ಟೆ ಮರಳಿಗೆ ಕೂತಿತು, ನಾಲ್ಕೂ ಚಕ್ರ ನೇತಾಡ್ತಾ ಉಂಟು. ಲೀಡ್ ಮಾಡ್ತಿದ್ದ ಉಪ್ಪಳದ ಇಚ್ಚ (ನಮ್ಮ ಕಡೆ ಬ್ಯಾರಿಗಳು ಅಣ್ಣನಿಗೆ ಹೇಳುದು) ನಡ್ಕೊಂಡು ಬಂದು ಕಿಟಕಿ ತಟ್ಟಿ, "ಎಂತ ಮಾರಾಯ, ಸುರಂಗ ತೋಡುದಾ? ಇಲ್ಲಿ ನೀರು ಸಿಕ್ಕುದಿಲ್ಲ" ಅಂದ್ರು, ಊರಲ್ಲಿ ನೀರಿಗೆ ಗುಡ್ಡದಲ್ಲಿ ಸುರಂಗ ತೋಡ್ತೇವಲ್ಲ, ಅದರ ತಮಾಷೆ. ಐದು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಎಲ್ಲರೂ ಹೊಯ್ಗೆ ತೋಡಿದ್ರು.

ಹಾಗಾಗಿ ಗಾಡಿ ಮುಂದೆ ಹೋಗ್ತಾ ಇಲ್ಲ ಅಂತ ಗೊತ್ತಾದ ಕೂಡಲೇ ಕಾಲು ತೆಗೀರಿ, ರೇಡಿಯೋದಲ್ಲಿ ಹೇಳಿ. ಅಲ್ಲಿ ಇಪ್ಪತ್ತು ವರ್ಷ ಓಡಿಸಿದವರೂ ಹೂತುಹೋಗ್ತಾರೆ, ನಗುವವರು ಯಾರೂ ಇಲ್ಲ, ಇಚ್ಚನನ್ನು ಬಿಟ್ಟು.

ಇಳಿದು ನೋಡಿ. ಗಾಡಿ ಒಂದು ಬದಿಗೆ ವಾಲಿದ್ರೆ ಎಲ್ಲರೂ ಎತ್ತರದ ಬದಿಯಿಂದ ಇಳೀಬೇಕು, ತಗ್ಗಿನ ಬದಿಯಲ್ಲಿ ಒಬ್ಬನೂ ನಿಲ್ಬಾರದು, ಫೋಟೋ ತೆಗೀಲಿಕ್ಕೂ ಬೇಡ. ವಾಲದಿದ್ರೆ ಮೊದಲ ಪ್ರಯತ್ನ ಬಂದ ದಾರಿಯಲ್ಲೇ ರಿವರ್ಸ್, ಆ ಗುರುತಿನ ಹೊಯ್ಗೆ ನಿಮ್ಮದೇ ಚಕ್ರ ಒತ್ತಿ ಗಟ್ಟಿಯಾದದ್ದು, ಸ್ಟೇರಿಂಗ್ ನೆಟ್ಟಗೆ ಇರ್ಲಿ. ಅರ್ಧಕ್ಕರ್ಧ ಸಲ ಇದರಲ್ಲೇ ಬರ್ತದೆ. ಬರದಿದ್ರೆ ಗಾಳಿ 10ರ ಹತ್ತಿರಕ್ಕೆ ಇಳಿಸಿ, ಶೊವೆಲಿನಲ್ಲಿ ಹೋಗ್ಬೇಕಾದ ಬದಿಯ ಚಕ್ರದ ಎದುರು ಇಳಿಜಾರು ಮಾಡಿ ತೆಗೀರಿ, ಗುಂಡಿ ಅಲ್ಲ. ಹೊಸಬರು ಚಕ್ರದ ಎದುರು ಮಾತ್ರ ತೆಗೀತಾರೆ, ಗಾಡಿ ಕೂತಿರುದು ಹೊಟ್ಟೆಯ ಮೇಲೆ. ಡಿಫರೆನ್ಷಿಯಲ್ಲು, ಚಾಸಿಸ್ಸು, ಗೇರ್‌ಬಾಕ್ಸಿನ ಅಡಿ, ಅಲ್ಲಿಂದ ತೆಗೀದೆ ಎಷ್ಟು ಎಳೆದ್ರೂ ಅಷ್ಟೇ. ಇನ್ನೊಂದು ಉಪಾಯ, ನಾಲ್ಕು ಜನ ಬದಿಯಲ್ಲಿ ನಿಂತು ಗಾಡಿಯನ್ನು ಅತ್ತ ಇತ್ತ ತೂಗುದು, ಚಕ್ರ ಎದ್ದಾಗ ಹೊಯ್ಗೆ ತಾನೇ ಅಡಿಗೆ ಜಾರಿ ತುಂಬ್ತದೆ. ಊರಲ್ಲಿ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜೀಪು ಹೂತ್ರೆ ಸೋಗೆ, ಮಡಲು, ಗೋಣಿ ಚೀಲ ಕೊಡ್ತೇವಲ್ಲ, ಅಲ್ಲಿ ಅದಕ್ಕೆ ಪ್ಲಾಸ್ಟಿಕ್ಕಿನ ಸ್ಯಾಂಡ್ ಬೋರ್ಡ್ ಉಂಟು. ಅದನ್ನು ಚಕ್ರಕ್ಕೆ ಒತ್ತಿ ಇಟ್ಟು ನಿಧಾನ ಹತ್ತಿಸ್ಬೇಕು, ಚಕ್ರ ತಿರುಗಿಸಿದ್ರೆ ಹಲ್ಲು ಕರಗ್ತದೆ, ಬೋರ್ಡು ಹಿಂದಕ್ಕೆ ಹಾರ್ತದೆ, ಹಿಂದೆ ಯಾರೂ ಬೇಡ.

ಹಗ್ಗಕ್ಕೆ ಬಂದ್ರೆ ಮಾತ್ರ ತಮಾಷೆ ನಿಲ್ಲಿಸಿ. ಕೈನೆಟಿಕ್ ರೋಪ್ ಅಂತ ಉಂಟು, ಸುಮಾರು 9 ಮೀಟರ್ ಉದ್ದ, ಎಳೆದ್ರೆ ರಬ್ಬರಿನ ಹಾಗೆ ಹಿಗ್ಗಿ ಹೂತ ಗಾಡಿಯನ್ನು ಕಿತ್ತು ತೆಗೀತದೆ. ಹಿಗ್ಗದ ಸಾದಾ ಪಟ್ಟಿಯಲ್ಲಿ ಜಗ್ಗಿ ಎಳೆದ್ರೆ ಯಾವುದಾದ್ರೂ ಒಂದು ಮುರೀತದೆ. ಸರಪಳಿ ಬೇಡವೇ ಬೇಡ. ಟ್ರೇಲರ್ ಕಟ್ಟುವ ಉಂಡೆ ಉಂಟಲ್ಲ, ಟೋ ಬಾಲ್, ಅದಕ್ಕೆ ಹಗ್ಗ ಕಟ್ಟಬಾರದು, ಅದು ಮುರಿದ್ರೆ ಗುಂಡಿನ ಹಾಗೆ ಹಾರ್ತದೆ, ಆಸ್ಟ್ರೇಲಿಯಾದಲ್ಲಿ ಹೀಗೆ ಜನ ಸತ್ತಿದ್ದಾರೆ. ಬಂಪರಿನಲ್ಲಿ ತಿರುಪಿ ಹಾಕುವ ಸಣ್ಣ ಹುಕ್ಕು ಟ್ರಕ್ಕಿಗೆ ಏರಿಸ್ಲಿಕ್ಕೆ ಕೊಟ್ಟದ್ದು, ಜಗ್ಗಿ ಎಳೀಲಿಕ್ಕಲ್ಲ. ಚಾಸಿಸ್ಸಿಗೆ ಬೋಲ್ಟ್ ಮಾಡಿದ ಹುಕ್ಕಿಗೇ ಎಷ್ಟು ಭಾರ ತಡೀತದೆ ಅಂತ ರೇಟಿಂಗ್ ಬರೆದ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ) ಹಾಕಿ, ಇನ್ನೂ ಒಳ್ಳೇದು ಹಗ್ಗದ್ದೇ ಆದ ಸಾಫ್ಟ್ ಶ್ಯಾಕಲ್. ಎರಡು ಹಗ್ಗ ಸೇರಿಸ್ಬೇಕಾದ್ರೆ ನಡುವೆ ಕಬ್ಬಿಣ ಬೇಡ. ಹಗ್ಗದ ಮೇಲೆ ಒಂದು ದಪ್ಪ ಕಂಬಳಿಯೋ ಜಾಕೆಟ್ಟೋ ಹಾಕಿ, ನೋಡುವವರು ಹಗ್ಗದ ಉದ್ದದ ಒಂದೂವರೆ ಪಾಲು ದೂರ, ಬದಿಗೆ. ಎರಡೂ ಗಾಡಿಯವರಿಗೆ ಕೈ ಸನ್ನೆ ಮಾಡುದು ಒಬ್ಬನೇ. ನಮ್ಮವರದ್ದು ಇದೊಂದು ದೊಡ್ಡ ಸಮಸ್ಯೆ ಮಾರಾಯ್ರೆ, ಆರು ಜನ ಇದ್ರೆ ಆರೂ ಜನ ಬೊಬ್ಬೆ ಹಾಕುದು, ಒಬ್ಬ ಎಳಿ ಅಂತಾನೆ ಇನ್ನೊಬ್ಬ ನಿಲ್ಸು ಅಂತಾನೆ, ಅದೂ ಕನ್ನಡ ತುಳು ಮಲಯಾಳ ಮೂರರಲ್ಲಿ.

ಇನ್ನೊಂದು ಸಬ್ಖಾ. ಉಪ್ಪಿನ ಚಪ್ಪಟೆ ನೆಲ, ಮೇಲೆ ಒಣಗಿ ಬಿರುಕು ಬಿಟ್ಟ ಹಾಗೆ ಕಾಣ್ತದೆ, ಒಳಗೆ ಗದ್ದೆಯ ಕೆಸರು. ಮಳೆ ಬಂದ ಮೇಲಂತೂ ಹತ್ತಿರವೂ ಹೋಗ್ಬೇಡಿ, 2024ರ ಏಪ್ರಿಲ್ 16ರಂದು ಅಲ್ ಐನ್ ಕಡೆ ಒಂದೇ ದಿನಕ್ಕೆ 254 ಮಿಲಿಮೀಟರ್ ಸುರಿದಿತ್ತು, ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲೂ ಒಂದು ದಿನಕ್ಕೆ ಅಷ್ಟು ಬರುದು ಅಪರೂಪ, ಅಲ್ಲಿ ಊರೇ ನಿಂತುಹೋಗಿತ್ತು. ಸಬ್ಖಾದಲ್ಲಿ ಹೂತ ಗಾಡಿ ತೆಗೀಲಿಕ್ಕೆ ಹೋದ ಗಾಡಿಯೂ ಹೂಳ್ತದೆ, ಸುತ್ತು ಹಾಕಿ ಹೋಗುದೇ ದಾರಿ.

ನೀರು ಒಬ್ಬೊಬ್ಬರಿಗೆ 5 ಲೀಟರ್, ಟ್ಯಾಂಕು ಫುಲ್, ಹೊಯ್ಗೆಯಲ್ಲಿ ಪೆಟ್ರೋಲ್ ರೋಡಿನ ಎರಡು ಪಾಲು ಕುಡೀತದೆ. ಮ್ಯಾಪ್ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಮನೆಯಲ್ಲಿ ಒಬ್ಬರಿಗೆ ಎಲ್ಲಿಗೆ ಹೋಗುದು ಎಷ್ಟು ಗಂಟೆಗೆ ವಾಪಸ್ ಅಂತ ಹೇಳಿ. ದಾರಿ ತಪ್ಪಿದ್ರೆ ಗಾಡಿ ಬಿಟ್ಟು ನಡೀಬೇಡಿ, ಗಾಡಿ ದೂರಕ್ಕೆ ಕಾಣ್ತದೆ, ಮನುಷ್ಯ ಕಾಣುದಿಲ್ಲ. ಪೊಲೀಸ್ 999, ಆಂಬುಲೆನ್ಸ್ 998. ನವೆಂಬರಿಂದ ಮಾರ್ಚ್ ಒಳ್ಳೆ ಕಾಲ, ಜುಲೈಯಲ್ಲಿ ಹೋಗುವವರಿಗೆ ನಾನು ಹೇಳುದೆಂತದ್ದೂ ಇಲ್ಲ. ಬೇಲಿ ಹಾಕಿದ ಜಾಗಕ್ಕೆ ನುಗ್ಗಬೇಡಿ, ಒಂಟೆಗೆ ಹಾರ್ನ್ ಹೊಡೀಬೇಡಿ, ಒಂದೊಂದಕ್ಕೂ ಯಜಮಾನ ಉಂಟು. ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಗಾಫ್ ಮರದ ಕೊಂಬೆ ಬೆಂಕಿಗೆ ಮುರೀಬೇಡಿ, ಅದು ಅವರ ರಾಷ್ಟ್ರೀಯ ಮರ. ನಮ್ಮ ಬನ್ನಿ ಮರವೇ ಅದು, ದಸರಾಕ್ಕೆ ಪೂಜೆ ಮಾಡುವ ಶಮಿ, ಗೊತ್ತಾದ ದಿನ ನಾನು ಚಪ್ಪಲಿ ಬಿಟ್ಟು ಒಂದು ಸುತ್ತು ಬಂದಿದ್ದೆ, ಕಾಲು ಸುಟ್ಟದ್ದು ಬೇರೆ ವಿಷಯ.

ಹೊರಗೆ ಬಂದ ಮೇಲೆ ಡಾಮರಿಗೆ ಏರುವ ಮೊದಲೇ ಕಂಪ್ರೆಸರ್ ಹಾಕಿ ಗಾಳಿ ತುಂಬಿಸಿ. 15 ಪಿಎಸ್‌ಐಯಲ್ಲಿ ಹೈವೇಗೆ ಹತ್ತಿ ನೂರಕ್ಕೆ ಓಡಿಸಿದ್ರೆ ಟೈರು ಬಿಸಿಯಾಗಿ ಒಡೀತದೆ. ಕಂಪ್ರೆಸರ್ ಇಲ್ಲದವರು ಹತ್ತಿರದ ಪೆಟ್ರೋಲ್ ಬಂಕಿಗೆ 30–40ರ ಸ್ಪೀಡಿನಲ್ಲಿ, ಬಲಬದಿಯಲ್ಲಿ, ಹಝಾರ್ಡ್ ಹಾಕಿ. ಏರ್ ಫಿಲ್ಟರ್ ಒಮ್ಮೆ ಕುಟ್ಟಿ ಕೊಡವಿ. ಪಕ್ಕದ ಮನೆಯ ಹುಡುಗನಿಗೆ ನವೆಂಬರಿನ ಮೊದಲ ಶುಕ್ರವಾರ ಅಂತ ಹೇಳಿದ್ದೇನೆ, ಪಕ್ಕದ ಸೀಟು ಅವನಿಗೆ, ಹಿಂದೆ ಎರಡು ಜಾಗ ಖಾಲಿ ಉಂಟು, ಬನ್ಸ್ ತಿಂದು ಬರ್ಬೇಡಿ.