ಏರು ದಾರಿಯ ಮನೆಗೆ ಪಿಕಪ್: ಮ್ಯಾನುವಲ್ ಗೇರೋ, ಆಟೋಮ್ಯಾಟಿಕ್ಕೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳು ಹೆಚ್ಚಾಗಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿವೆ. ಮನೆ ಗುಡ್ಡದ ಬದಿಯಲ್ಲಿರುತ್ತದೆ, ಡಾಮರು ರಸ್ತೆ ಇನ್ನೂ ಮೇಲಿರುತ್ತದೆ. ನಮ್ಮಲ್ಲಿ ಪಿಕಪ್ ಕೊಳ್ಳುವ ಕೃಷಿಕನ ಗಾಡಿಗೆ ನಿಜವಾದ ಪರೀಕ್ಷೆ ನಡೆಯುವುದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಲ್ಲ, ತೋಟದಿಂದ ಅಂಗಳಕ್ಕೆ ಬರುವ ನೂರು ಇನ್ನೂರು ಮೀಟರ್ ಮಣ್ಣುದಾರಿಯಲ್ಲಿ. ಮ್ಯಾನುವಲ್ ಗೇರಿನ ಗಾಡಿ ಬೇಕೋ ಆಟೋಮ್ಯಾಟಿಕ್ ಬೇಕೋ ಎಂಬುದನ್ನು ಆ ದಾರಿಯನ್ನು ನೋಡಿಯೇ ತೀರ್ಮಾನಿಸಬೇಕೆಂದು ನಾನು ನಂಬಿದ್ದೇನೆ. ಹಾಗೆ ನಂಬಲು ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಮೊದಲ ಕೊಯ್ಲಿನ ಹಣ್ಣಡಿಕೆಯನ್ನು ತುಂಬಿಕೊಂಡು ತೋಟದಿಂದ ಮೇಲೆ ಬರುತ್ತಿದ್ದೆ. ಕೆಳಗೆ ಗಾಡಿ ತಿರುಗಿಸಲು ಜಾಗವಿಲ್ಲದ ಕಾರಣ ರಿವರ್ಸ್ ಗೇರಿನಲ್ಲಿಯೇ ಏರಬೇಕಿತ್ತು. ಹಿಂದಿನ ರಾತ್ರಿ ಸುರಿದ ಮಳೆಯಿಂದ ಕೆಂಪು ಮಣ್ಣು ನುಣುಪಾಗಿತ್ತು. ಹಿಂದಿನ ಚಕ್ರಗಳಿಗೆ ಮಾತ್ರ ಎಳೆತವಿರುವ ಗಾಡಿ ಹಿಮ್ಮುಖವಾಗಿ ಏರುವಾಗ ತೂಕದ ಒಂದು ಪಾಲು ಕೆಳಗಿರುವ ಮುಂದಿನ ಚಕ್ರಗಳ ಕಡೆಗೆ ಸರಿಯುವುದರಿಂದ, ಹಿಡಿತ ಬೇಕಾದ ಹಿಂದಿನ ಚಕ್ರಗಳಿಗೇ ಅದು ಕಡಿಮೆಯಾಗುತ್ತದೆ. ನಾನು ಅರ್ಧ ಕ್ಲಚ್ಚಿನಲ್ಲಿ ನಿಂತು, ಆಕ್ಸಿಲರೇಟರ್ ಒತ್ತಿ, ಮತ್ತೆ ನಿಂತು, ಹೀಗೆ ನಾಲ್ಕೈದು ಬಾರಿ ಪ್ರಯತ್ನಿಸಿದಾಗ ಸುಟ್ಟ ವಾಸನೆ ಬಂತು, ಬಳಿಕ ಗಾಡಿ ಅಲುಗಲಿಲ್ಲ. ಕ್ಲಚ್ ಪ್ಲೇಟ್ ಬಿಚ್ಚಿ ತೋರಿಸಿದ ಮೆಕ್ಯಾನಿಕ್ ಅಣ್ಣ, ‘ಗಾಡಿಯದು ತಪ್ಪಿಲ್ಲ, ನಿಮ್ಮ ಕಾಲಿನದೂ ಅಲ್ಲ, ನಿಮ್ಮ ದಾರಿಯದು’ ಎಂದರು. ಆ ಮಾತನ್ನು ನಾನು ಮರೆತಿಲ್ಲ.

ಆಯ್ಕೆ ಎಂಬುದು ಎಲ್ಲ ಪಿಕಪ್‌ಗಳಲ್ಲಿಯೂ ಇಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಹಳದಿ ಬೋರ್ಡಿನಲ್ಲಿ ಲೋಡು ಹೊರುವ ಬೊಲೆರೊ ಪಿಕಪ್, ಟಾಟಾ ಯೋಧ, ದೋಸ್ತ್ ಮುಂತಾದ ಗಾಡಿಗಳು ಮ್ಯಾನುವಲ್ ಗೇರಿನಲ್ಲಿ ಬರುವಂಥವು. ಒಂದೂವರೆ ಟನ್ನಿನ ಆಸುಪಾಸಿನ ಲೋಡು ದಿನವೂ ಹೊರಬೇಕಾದವರು ಗೇರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎರಡೂ ಬಗೆ ಸಿಗುವುದು ಕುಟುಂಬವೂ ಕೂರುವ, ಹಿಂದೆ ತೆರೆದ ತೊಟ್ಟಿಯಿರುವ ದೊಡ್ಡ ಗಾಡಿಗಳಲ್ಲಿ. ಇಸುಜು ವಿ-ಕ್ರಾಸ್ 1.9 ಲೀಟರ್ ಡೀಸೆಲ್ ಎಂಜಿನ್ನಿನೊಂದಿಗೆ 6 ಗೇರಿನ ಮ್ಯಾನುವಲ್ ಮತ್ತು ಆಟೋಮ್ಯಾಟಿಕ್ ಎರಡರಲ್ಲಿಯೂ ಬಂದಿದೆ. 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಮ್ಯಾನುವಲ್ಲಿನಲ್ಲಿ 420 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗುಬಲ, ಕೊಟ್ಟರೆ ಆಟೋಮ್ಯಾಟಿಕ್ಕಿನಲ್ಲಿ 500 ಕೊಡುತ್ತದೆ. ಆಟೋಮ್ಯಾಟಿಕ್ ಎಂದರೆ ಬಲ ಕಡಿಮೆ ಎಂದು ಭಾವಿಸುವವರು ಈ ಎರಡು ಅಂಕಿಗಳನ್ನು ಗಮನಿಸಬೇಕು. ಆದರೆ ಈ ಗಾಡಿಗಳ ತೊಟ್ಟಿ ದೊಡ್ಡದಾಗಿ ಕಂಡರೂ ಹೊರಲು ಅನುಮತಿಯಿರುವ ತೂಕ ಹಳದಿ ಬೋರ್ಡಿನ ಪಿಕಪ್‌ಗಿಂತ ಬಹಳ ಕಡಿಮೆ. ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು 1,000 ಲೀಟರಿನ ನೀರಿನ ಟ್ಯಾಂಕ್ ಇಟ್ಟರೆ ನೀರೊಂದೇ 1 ಟನ್ ತೂಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಗಾಡಿಯ ದಾಖಲೆಯಲ್ಲಿರುವ ಖಾಲಿ ತೂಕವನ್ನೂ ಒಟ್ಟು ತೂಕವನ್ನೂ ನೋಡಿ ಲೆಕ್ಕ ಹಾಕಿರಿ.

ಇನ್ನು ಏರಿನಲ್ಲಿ ಈ ಎರಡು ಬಗೆಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಉಳಿದ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿದೆ. ಮ್ಯಾನುವಲ್ ಗಾಡಿಯಲ್ಲಿ ಎಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಈ ಎರಡರ ವೇಗ ಒಂದಾಗುವ ತನಕ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಉಜ್ಜಿಕೊಂಡು ಜಾರುತ್ತಲೇ ಇರಬೇಕು. ಸಮತಟ್ಟಾದ ರಸ್ತೆಯಲ್ಲಿ ಒಂದೆರಡು ಸೆಕೆಂಡಿನಲ್ಲಿ ಮುಗಿಯುವ ಈ ಉಜ್ಜುವಿಕೆ, ಲೋಡು ಹೊತ್ತ ಗಾಡಿ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಧಾನವಾಗಿ ಹತ್ತುವಾಗ ದಾರಿಯುದ್ದಕ್ಕೂ ಮುಂದುವರಿಯುತ್ತದೆ, ಮತ್ತು ಅಲ್ಲಿ ಹುಟ್ಟುವ ಶಾಖ ಆ ತೆಳುವಾದ ಪ್ಲೇಟನ್ನು ಸುಡುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಪ್ಲೇಟಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇದೆ: ಎಣ್ಣೆ ತುಂಬಿದ ಒಂದು ಡಬ್ಬಿಯೊಳಗೆ ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಚಿಮ್ಮಿಸುತ್ತವೆ, ಎದುರಿನ ರೆಕ್ಕೆಗಳು ಆ ಎಣ್ಣೆಯ ಹೊಡೆತಕ್ಕೆ ತಿರುಗಿ ಗೇರ್ ಬಾಕ್ಸನ್ನು ತಿರುಗಿಸುತ್ತವೆ. ಗಾಡಿ ಇನ್ನೂ ನಿಂತಿರುವಾಗ, ನಡುವಿನ ಮೂರನೆಯ ರೆಕ್ಕೆಗಳ ನೆರವಿನಿಂದ ಈ ಸಾಧನ ಎಂಜಿನ್ನಿನ ತಿರುಗುಬಲವನ್ನು ಸುಮಾರು ಎರಡು ಪಟ್ಟಿನವರೆಗೂ ಹೆಚ್ಚಿಸಿ ಕೊಡಬಲ್ಲದು. ಇಲ್ಲಿಯೂ ಶಾಖ ಹುಟ್ಟುತ್ತದೆ, ಆದರೆ ಅದು ಎಣ್ಣೆಗೆ ಹೋಗಿ ಕೂಲರಿನಲ್ಲಿ ತಣಿಯುತ್ತದೆ. ಸುಟ್ಟುಹೋಗಲು ಕ್ಲಚ್ ಪ್ಲೇಟಿನಂತಹ ವಸ್ತು ಆ ಜಾಗದಲ್ಲಿಲ್ಲ. ಹಾಗಾಗಿ ‘ಆಟೋಮ್ಯಾಟಿಕ್ ಗುಡ್ಡ ಹತ್ತುವುದಿಲ್ಲ’ ಎಂದು ಊರಿನಲ್ಲಿ ಕೇಳಿಬರುವ ಮಾತು ಸರಿಯಲ್ಲ. ಅಂಗುಲ ಅಂಗುಲವಾಗಿ, ಅದೂ ರಿವರ್ಸಿನಲ್ಲಿ ಏರಬೇಕಾದ ದಾರಿಗೆ ಟಾರ್ಕ್ ಕನ್ವರ್ಟರ್ ಇರುವ ಗಾಡಿಯೇ ಹೆಚ್ಚು ಯೋಗ್ಯ. ಆದರೆ ಏರಿನಲ್ಲಿ ನಿಂತು ಮಾತನಾಡುವಾಗ ಗಾಡಿಯನ್ನು ಆಕ್ಸಿಲರೇಟರಿನಿಂದಲೇ ತಡೆಹಿಡಿಯಬಾರದು. ಎಣ್ಣೆ ಮಿತಿಮೀರಿ ಕಾಯುತ್ತದೆ, ಅದಕ್ಕೆ ಬ್ರೇಕ್ ಇದೆ.

ನಿಮ್ಮ ದಾರಿ ಎಷ್ಟು ಏರಾಗಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಬೇಡಿರಿ, ಅಳೆಯಿರಿ. ಆರು ಅಡಿಯ ನೇರವಾದ ರೀಪೊಂದರ ಒಂದು ತುದಿಯನ್ನು ದಾರಿಯ ಮೇಲ್ಭಾಗದ ನೆಲಕ್ಕೆ ತಾಗಿಸಿ, ಗಾರೆ ಕೆಲಸದವರ ಲೆವೆಲ್ ಪಟ್ಟಿಯನ್ನು ಅದರ ಮೇಲಿಟ್ಟು ಸಮ ಮಾಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ನೋಡಿದರೆ ಸಾಕು. ಅರ್ಧ ಅಡಿಯೊಳಗಿದ್ದರೆ ಯಾವ ಗೇರಾದರೂ ನಡೆದೀತು. ಒಂದು ಅಡಿ ಇದ್ದರೆ, ಲೋಡು ಸೇರಿ 3 ಟನ್ ತೂಗುವ ಗಾಡಿಯನ್ನು ಆ ದಾರಿ ಸುಮಾರು 500 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ. ಅಂತಹ ಕಡೆ ಅರ್ಧ ಕ್ಲಚ್ಚಿನ ಅಭ್ಯಾಸ ಬಹುಕಾಲ ಉಳಿಯುವಂಥದಲ್ಲ. ನನ್ನ ಅಡಿಕೆ ಹೊತ್ತ ಗಾಡಿ ನಿಂತ ಜಾಗದಲ್ಲಿ ಅಳೆದಾಗ ಒಂದು ಅಡಿಗಿಂತಲೂ ಎರಡು ಅಂಗುಲ ಹೆಚ್ಚಿತ್ತು.

ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಗಳಿಗೆ ಎಳೆತ, ಇರುವ ಮ್ಯಾನುವಲ್ ಪಿಕಪ್ ಈ ಲೆಕ್ಕವನ್ನು ಬದಲಿಸುತ್ತದೆ. ಅದರಲ್ಲಿ ಲೋ ರೇಂಜ್ ಹಾಕಿದರೆ ಪ್ರತಿ ಗೇರೂ ಸುಮಾರು ಎರಡೂವರೆ ಪಟ್ಟು ನಿಧಾನವಾಗಿ, ಅಷ್ಟೇ ಪಟ್ಟು ಬಲವಾಗಿ ಎಳೆಯುವುದರಿಂದ, ಕ್ಲಚ್ಚನ್ನು ಪೂರ್ತಿ ಬಿಟ್ಟೇ ಏರನ್ನು ಹತ್ತಬಹುದು. ಒಣ ಡಾಮರಿನ ಮೇಲೆ ಮಾತ್ರ ಅದನ್ನು ಹಾಕಿ ಓಡಿಸಬಾರದು. ತಿರುವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಓಡಬೇಕಾಗುವುದರಿಂದ ಒಳಗಿನ ಭಾಗಗಳು ಬಿಗಿದುಕೊಳ್ಳುತ್ತವೆ.

ಆಟೋಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಎಎಂಟಿ ಎಂದು ಕರೆಯುವ ಬಗೆಯಲ್ಲಿ ಇರುವುದು ಮಾಮೂಲಿ ಗೇರ್ ಬಾಕ್ಸ್ ಮತ್ತು ಮಾಮೂಲಿ ಕ್ಲಚ್ ಪ್ಲೇಟೇ. ನಿಮ್ಮ ಕಾಲಿನ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ ಅಷ್ಟೆ. ಏರಿನಲ್ಲಿ ಅದೂ ಪ್ಲೇಟನ್ನು ಉಜ್ಜಿಯೇ ಹೊರಡಬೇಕು, ಏರಿನಲ್ಲಿ ಹೊರಡುವಾಗ ಬ್ರೇಕನ್ನು ಕ್ಷಣಕಾಲ ತಾನಾಗಿ ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲದಿದ್ದರೆ ಹಿಂದಕ್ಕೂ ಜಾರುತ್ತದೆ. ಶೋರೂಮಿನಲ್ಲಿ ‘ಟಾರ್ಕ್ ಕನ್ವರ್ಟರೋ, ಎಎಂಟಿಯೋ’ ಎಂದು ಸ್ಪಷ್ಟವಾಗಿ ಕೇಳಿರಿ, ಉತ್ತರವನ್ನು ಕರಪತ್ರದಲ್ಲಿ ಬೆರಳಿಟ್ಟು ತೋರಿಸಲು ಹೇಳಿರಿ.

ಇಳಿಜಾರಿನ ವಿಷಯದಲ್ಲಿ ಮ್ಯಾನುವಲ್ಲಿನದೇ ಮೇಲುಗೈ. ಹತ್ತುವಾಗ ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸರಿ, ಮತ್ತು ಮ್ಯಾನುವಲ್ ಗಾಡಿ ನೀವು ಹಾಕಿದ ಗೇರನ್ನು ಬಿಟ್ಟುಕೊಡುವುದಿಲ್ಲ. ಜಾಲ್ಸೂರು ದಾಟಿ ಸುಳ್ಯ, ಸಂಪಾಜೆಯ ಮೂಲಕ ಮಡಿಕೇರಿಗೆ ಹೋಗಿ ಬರುವವರು, ಪಾಣತ್ತೂರಿನಿಂದ ಕರಿಕೆಯ ಮೇಲೆ ಭಾಗಮಂಡಲದ ದಾರಿ ಹಿಡಿಯುವವರು ಈ ಮಾತಿನ ಬೆಲೆ ಬಲ್ಲರು. ಆಟೋಮ್ಯಾಟಿಕ್ ಗಾಡಿಯನ್ನು ‘ಡಿ’ಯಲ್ಲಿಯೇ ಬಿಟ್ಟು ಘಾಟಿ ಇಳಿದರೆ ಅದು ತಾನಾಗಿ ಮೇಲಿನ ಗೇರಿಗೆ ಹೋಗಬಹುದು, ಆಗ ಎಂಜಿನ್ನಿನ ತಡೆ ಕಡಿಮೆಯಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಳಿಜಾರು ಶುರುವಾಗುವ ಮೊದಲೇ ಲಿವರನ್ನು ಕೈಯಿಂದ ಗೇರು ಬದಲಿಸುವ ಸ್ಥಾನಕ್ಕೆ ಸರಿಸಿ ಎರಡನೆಯದೋ ಮೂರನೆಯದೋ ಹಾಕಿಕೊಳ್ಳುವ ಅಭ್ಯಾಸ ಇರುವವರಿಗೆ ಈ ಅಪಾಯವಿಲ್ಲ. ಕೊಳ್ಳುವ ಗಾಡಿಯಲ್ಲಿ ಆ ಸ್ಥಾನ ಇದೆಯೇ ಎಂದು ನೋಡಿಕೊಳ್ಳಿರಿ.

ಗಾಡಿಯನ್ನು ಓಡಿಸುವವರು ಯಾರು ಎಂಬ ಪ್ರಶ್ನೆಗೆ ದಾರಿಯಷ್ಟೇ ತೂಕವಿದೆ. ನನ್ನ ತಂದೆಯವರಿಗೆ ಎಡ ಮೊಣಕಾಲಿನ ನೋವು ಬಂದ ಮೇಲೆ ಕ್ಲಚ್ ತುಳಿಯುವುದೇ ಅವರಿಗೆ ಕಷ್ಟವಾಯಿತು, ಪೇಟೆಗೆ ಹೋಗಬೇಕಾದಾಗಲೆಲ್ಲ ಇನ್ನೊಬ್ಬರನ್ನು ಕಾಯುವಂತಾಯಿತು. ಅಂತಹ ಹಿರಿಯರಿರುವ ಮನೆಯಲ್ಲಿ ಆಟೋಮ್ಯಾಟಿಕ್ಕಿಗೆ ಕೊಡುವ ಹೆಚ್ಚಿನ ಹಣ ದುಂದುವೆಚ್ಚವಲ್ಲ, ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೆ ಕೊಡುವ ಬೆಲೆ. ಆದರೆ ಕೊಯ್ಲಿನ ದಿನಗಳಲ್ಲಿ ಸಂಬಳಕ್ಕೆ ಬರುವ ಬೇರೆ ಬೇರೆ ಡ್ರೈವರುಗಳ ಕೈಗೆ ಗಾಡಿ ಹೋಗುವುದಾದರೆ ಮ್ಯಾನುವಲ್ಲೇ ಕ್ಷೇಮ. ಕ್ಲಚ್ಚಿಗೆ ಒಗ್ಗಿದ ಎಡಗಾಲು ಅವಸರದಲ್ಲಿ ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕನ್ನು ಬಲವಾಗಿ ಒತ್ತುತ್ತದೆ, ಹಿಂದೆ ತೊಟ್ಟಿಯಲ್ಲಿ ಜನ ನಿಂತಿದ್ದರೆ ಅನಾಹುತವಾಗುತ್ತದೆ. ತೊಟ್ಟಿಯಲ್ಲಿ ಜನರನ್ನು ನಿಲ್ಲಿಸುವುದೇ ತಪ್ಪು ಎಂಬುದು ಬೇರೆ ಮಾತು.

ರಿಪೇರಿಯ ವಿಷಯದಲ್ಲಿ ನಮ್ಮ ಊರಿನ ವಾಸ್ತವವನ್ನು ಮರೆಯಬಾರದು. ಕ್ಲಚ್ ಸೆಟ್ ಬದಲಿಸುವ ಕೆಲಸವನ್ನು ಪಿಕಪ್ ಬಲ್ಲ ಪೇಟೆಯ ಮೆಕ್ಯಾನಿಕ್ ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಆಟೋಮ್ಯಾಟಿಕ್ ಗೇರ್ ಬಾಕ್ಸಿನ ದೋಷ ಹುಡುಕಲು ಕಂಪ್ಯೂಟರ್ ಬೇಕು, ಅದಕ್ಕೇ ಮೀಸಲಾದ ಎಣ್ಣೆ ಬೇಕು, ಅಂದರೆ ಗಾಡಿ ಕಂಪನಿಯ ಸರ್ವಿಸ್ ಕೇಂದ್ರಕ್ಕೇ ಹೋಗಬೇಕು. ಬ್ಯಾಟರಿ ಇಳಿದಾಗ ಮ್ಯಾನುವಲ್ ಗಾಡಿಯನ್ನು ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡಬಹುದು, ಆಟೋಮ್ಯಾಟಿಕ್ಕನ್ನು ಹಾಗೆ ಮಾಡಲಾಗದು. ಅದಕ್ಕೆ ಇನ್ನೊಂದು ಬ್ಯಾಟರಿಯ ಕೇಬಲ್ ಜೋಡಿಸಬೇಕು. ಕೆಟ್ಟು ನಿಂತರೆ ಹಗ್ಗ ಕಟ್ಟಿ ದೂರ ಎಳೆಯುವಂತೆಯೂ ಇಲ್ಲ, ಏಕೆಂದರೆ ಎಂಜಿನ್ ನಿಂತಾಗ ಎಣ್ಣೆಯ ಪಂಪೂ ನಿಂತು ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಸವೆಯುತ್ತವೆ. ಎಂಜಿನ್ನಿನ ಎಳೆತವಿರುವ ಚಕ್ರಗಳನ್ನು ನೆಲದಿಂದ ಎತ್ತಿ, ಇಲ್ಲವೇ ಪೂರ್ತಿ ಗಾಡಿಯನ್ನು ಲಾರಿಯ ಮೇಲೇರಿಸಿ ಸಾಗಿಸಬೇಕು. ನಿಮ್ಮ ಮನೆಗೆ ಅಂತಹ ಲಾರಿ ಬರಬಲ್ಲದೇ, ಹತ್ತಿರದ ಸರ್ವಿಸ್ ಕೇಂದ್ರ ಎಷ್ಟು ಕಿಲೋಮೀಟರ್ ದೂರ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿರಿ. ಮಳೆಗಾಲದಲ್ಲಿ ತೋಡು ದಾಟುವವರು ಇನ್ನೊಂದನ್ನು ಗಮನಿಸಬೇಕು: ಗೇರ್ ಬಾಕ್ಸಿನ ಗಾಳಿ ಕೊಳವೆಯ ಮೂಲಕ ನೀರು ಒಳಹೊಕ್ಕರೆ ಆಟೋಮ್ಯಾಟಿಕ್ಕಿಗೆ ಆಗುವ ಹಾನಿ ಮ್ಯಾನುವಲ್ಲಿಗಿಂತ ಬಹಳ ದೊಡ್ಡದು.

ಡೀಸೆಲ್ ಖರ್ಚಿನ ವ್ಯತ್ಯಾಸದ ಬಗ್ಗೆ ಹೆಚ್ಚು ಚರ್ಚಿಸಬೇಕಾಗಿಲ್ಲ. ಈಗಿನ ಆಟೋಮ್ಯಾಟಿಕ್‌ಗಳು ವೇಗ ಹಿಡಿದ ಮೇಲೆ ಟಾರ್ಕ್ ಕನ್ವರ್ಟರನ್ನು ಲಾಕ್ ಮಾಡಿ ನೇರ ಸಂಪರ್ಕದಲ್ಲಿ ಓಡುತ್ತವೆ, ಖರ್ಚನ್ನು ಲೋಡು ಮತ್ತು ಕಾಲು ಹೆಚ್ಚು ನಿರ್ಧರಿಸುತ್ತವೆ. ವಾರಕ್ಕೆರಡು ಬಾರಿ ಮಂಗಳೂರಿಗೆ ಹೋಗಿ ತೊಕ್ಕೊಟ್ಟು, ಪಂಪ್‌ವೆಲ್ ಕಡೆಯ ವಾಹನ ಸಾಲಿನಲ್ಲಿ ನಿಲ್ಲುವವರಿಗೆ ಆಟೋಮ್ಯಾಟಿಕ್ ನೆಮ್ಮದಿ ಕೊಡುತ್ತದೆ.

ಹಳೆಯ ಗಾಡಿ ಕೊಳ್ಳುವವರು ಮ್ಯಾನುವಲ್ಲಿನಲ್ಲಿ ಕ್ಲಚ್ಚನ್ನು ಹೀಗೆ ಪರೀಕ್ಷಿಸಬಹುದು: ಸಮತಟ್ಟಾದ ಬಯಲಿನಲ್ಲಿ, ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕ್ ಬಲವಾಗಿ ಎಳೆದು, ಮೂರನೆಯ ಗೇರು ಹಾಕಿ ನಿಧಾನವಾಗಿ ಕ್ಲಚ್ ಬಿಡಬೇಕು. ಎಂಜಿನ್ ಕೂಡಲೇ ಆಫ್ ಆದರೆ ಪ್ಲೇಟ್ ಹಿಡಿಯುತ್ತಿದೆ ಎಂದರ್ಥ. ಆಫ್ ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಆಟೋಮ್ಯಾಟಿಕ್ಕನ್ನು ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬ್ರೇಕ್ ಒತ್ತಿಕೊಂಡು ‘ಆರ್’ ಮತ್ತು ‘ಡಿ’ಗೆ ಸರಿಸಿದಾಗ ಗೇರು ಹಿಡಿಯಲು ತಡವಾದರೆ, ಜೋರಾಗಿ ಜಗ್ಗಿದರೆ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆ ಗಾಡಿಯನ್ನು ಬಿಟ್ಟುಬಿಡಿರಿ. ಎಣ್ಣೆ ಬದಲಿಸಿದ ದಾಖಲೆಯನ್ನೂ ಕೇಳಿರಿ. ಭಾರ ಹೊತ್ತು ಏರಿನಲ್ಲಿ ಓಡುವ ಗಾಡಿಗೆ ಎಣ್ಣೆಯನ್ನು ಸಾಮಾನ್ಯ ಅವಧಿಗಿಂತ ಬೇಗ ಬದಲಿಸಬೇಕಾಗುತ್ತದೆ.

ಹೊಸ ಗಾಡಿಯ ಟೆಸ್ಟ್ ಡ್ರೈವನ್ನು ಶೋರೂಮಿನ ಎದುರಿನ ರಸ್ತೆಯಲ್ಲಿ ಮುಗಿಸಬೇಡಿರಿ. ಗಾಡಿಯನ್ನು ಮನೆಗೆ ತರಿಸಿರಿ, ಅಥವಾ ನಿಮ್ಮ ಅಳತೆಗೆ ಹೊಂದುವ ಏರು ದಾರಿಯೊಂದಕ್ಕೆ ಒಯ್ಯಿರಿ. ಸಾಧ್ಯವಾದಷ್ಟು ಜನರನ್ನು ಸೀಟಿನಲ್ಲಿ ಕೂರಿಸಿಕೊಳ್ಳಿರಿ. ಏರಿನ ನಡುವೆ ಪೂರ್ತಿ ನಿಲ್ಲಿಸಿ ಮುಂದಕ್ಕೊಮ್ಮೆ, ರಿವರ್ಸಿನಲ್ಲೊಮ್ಮೆ ಹೊರಡಿಸಿ ನೋಡಿರಿ. ಅಲ್ಲಿಯೇ ಗಾಡಿ ನಿಲ್ಲಿಸುವ ಕ್ರಮವನ್ನೂ ಕಲಿತುಬಿಡಿರಿ: ಆಟೋಮ್ಯಾಟಿಕ್ಕಿನಲ್ಲಿ ಬ್ರೇಕ್ ತುಳಿದಿರುವಾಗಲೇ ಮೊದಲು ಹ್ಯಾಂಡ್ ಬ್ರೇಕ್ ಎಳೆದು ಆಮೇಲೆ ‘ಪಿ’ಗೆ ಹಾಕಬೇಕು, ಇಲ್ಲದಿದ್ದರೆ ಗಾಡಿಯ ಭಾರವೆಲ್ಲ ಒಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ನಿಲ್ಲುತ್ತದೆ, ಮ್ಯಾನುವಲ್ಲಿನಲ್ಲಿ ಏರಿನತ್ತ ಮುಖವಿದ್ದರೆ ಒಂದನೆಯ ಗೇರು, ಇಳಿಜಾರಿನತ್ತ ಮುಖವಿದ್ದರೆ ರಿವರ್ಸ್ ಹಾಕಿ, ಹಿಂದಿನ ಚಕ್ರಕ್ಕೆ ಒಂದು ಮುರಕಲ್ಲನ್ನು ಅಡ್ಡ ಇಡಬೇಕು.