ಇಂಗ್ಲಿಷ್ ಪತ್ರ: ಯಾವ ತಪ್ಪು ತಿದ್ದಬೇಕು, ಯಾವುದನ್ನು ಬಿಡಬಹುದು

ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ. "ಅಣ್ಣ, ಇಂಗ್ಲಿಷ್‌ನಲ್ಲಿ ಒಂದು ಲೆಟರ್ ಹೊಡ್ಕೊಡಿ, ಗ್ರಾಮರ್ ಮಾತ್ರ ಕರೆಕ್ಟಾಗಿರ್ಲಿ" ಅಂತ ದಿನಾ ಯಾರಾದರೂ ಬರುತ್ತಾರೆ. ಎಲ್ಲ ತಪ್ಪಿಗೂ ಒಂದೇ ತೂಕ ಇಲ್ಲ. 'ಎ', 'ದಿ' ಬಿಟ್ಟುಹೋದರೆ ಯಾರ ಗಂಟೂ ಹೋಗುವುದಿಲ್ಲ. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ ಅಲ್ವಾ, ಕೈ ತಪ್ಪುವುದು ಸಹಜ.

ಕ್ರಿಯಾಪದ ಕೈ ತಪ್ಪಿದರೆ ಕಷ್ಟ. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಬೆಂಗಳೂರಿನ ಪಿಜಿ ಖಾಲಿ ಮಾಡಿದ್ದ, 15,000 ಅಡ್ವಾನ್ಸ್ ವಾಪಸ್ ಬರಬೇಕಿತ್ತು. ತಾನೇ ಮೇಲ್ ಹಾಕಿದ್ದ: 'ಐ ಹ್ಯಾವ್ ರಿಸೀವ್ಡ್ 15,000'. ಅವನ ಮನಸ್ಸಿನಲ್ಲಿದ್ದದ್ದು 'ಐ ಹ್ಯಾವ್ ಟು ರಿಸೀವ್', ಅಂದರೆ ನನಗೆ ಬರಬೇಕು. ಬರೆದದ್ದು, ಬಂದಿದೆ ಅಂತ. ಓನರ್ 'ಥ್ಯಾಂಕ್ಯೂ' ಅಂತ ಉತ್ತರ ಹಾಕಿ ಸುಮ್ಮನಾದರು! ಪಾಪ, ಎರಡು ತಿಂಗಳು ಅಲೆದ.

ಅದಕ್ಕೇ ಬರೆದಾದ ಮೇಲೆ ಪೆನ್ಸಿಲ್ ಹಿಡಿದು ಮೊದಲು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಕೆಲಸ ಆಗಿದೆಯಾ, ಆಗುತ್ತಿದೆಯಾ, ಆಗಬೇಕಾ? ನಮ್ಮಲ್ಲಿ 'ಕಟ್ತೀನಿ' ಅಂದರೆ ತಿಂಗಳು ತಿಂಗಳು ಕಟ್ಟುವುದೂ ಆಯಿತು, ಮುಂದೆ ಕಟ್ಟುವುದೂ ಆಯಿತು. ಇಂಗ್ಲಿಷ್‌ನಲ್ಲಿ 'ಐ ಪೇ' ಬೇರೆ, 'ಐ ವಿಲ್ ಪೇ' ಬೇರೆ. ಸಾಲದ ಕಂತಿನ ಪತ್ರದಲ್ಲಂತೂ ಇದನ್ನು ಎರಡು ಸಲ ನೋಡಿ.

ಆಮೇಲೆ ಹೀ, ಶೀ. ನಾವು ಅಪ್ಪನಿಗೂ 'ಅವರು', ಅಮ್ಮನಿಗೂ 'ಅವರು' ಅನ್ನುತ್ತೇವೆ. ಆ ಅಭ್ಯಾಸದಲ್ಲಿ ಅಮ್ಮನ ಆಸ್ಪತ್ರೆ ಬಿಲ್ಲಿನ ಪತ್ರಕ್ಕೆ ಒಂದು 'ಹೀ' ನುಸುಳುತ್ತದೆ. ಪೇಷಂಟ್ ಯಾರು ಅಂತ ಇನ್ಶೂರೆನ್ಸ್‌ನವರು ಕೇಳದೆ ಬಿಡುತ್ತಾರಾ?

ಗಡುವು ಹೇಳುವಾಗ 'ಬೈ ಫ್ರೈಡೇ' ಅಂದರೆ ಶುಕ್ರವಾರದೊಳಗೆ, 'ಟಿಲ್ ಫ್ರೈಡೇ' ಅಂದರೆ ಶುಕ್ರವಾರದವರೆಗೂ. ತಾರೀಖಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ಏಪ್ರಿಲ್ 5 ಅಂತ ನೀವು ಹಾಕಿದ 05/04 ಅಮೆರಿಕದವರ ಕಣ್ಣಿಗೆ ಮೇ 4.

ಇಷ್ಟಾದ ಮೇಲೆ ಪತ್ರವನ್ನು ಪಕ್ಕದವರ ಕೈಗೆ ಕೊಟ್ಟು, ಓದಿ ಕನ್ನಡದಲ್ಲಿ ಹೇಳಿ ಅನ್ನಿ. ನಿಮ್ಮ ಮನಸ್ಸಿನಲ್ಲಿದ್ದದ್ದೇ ಅವರ ಬಾಯಿಂದ ಬಂದರೆ ಕಳಿಸಿಬಿಡಿ.

ಕೆಲಸದ ಅರ್ಜಿಗೆ ಮಾತ್ರ ನಾನು ಜಾಸ್ತಿ ತಿದ್ದುತ್ತೇನೆ. ಅಲ್ಲಿ ನೂರು ಅರ್ಜಿಯಲ್ಲಿ ಯಾವುದನ್ನು ಪಕ್ಕಕ್ಕಿಡಲಿ ಅಂತಲೇ ಹುಡುಕುತ್ತಿರುತ್ತಾರೆ. 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 5 ಇಯರ್ಸ್' ಬ್ಯಾಂಕ್ ಪತ್ರದಲ್ಲಿ ನಡೆಯುತ್ತದೆ. ಅರ್ಜಿಯಲ್ಲಿ 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ 5 ಇಯರ್ಸ್' ಅಂತಲೇ ಹೊಡೆಯುತ್ತೇನೆ.

ಕೆಂಪು ಗೆರೆ ಬರಲಿಲ್ಲ ಅಂತ ಕಂಪ್ಯೂಟರನ್ನು ನಂಬಬೇಡಿ. 'ಫ್ರಮ್' ಹೋಗಿ 'ಫಾರ್ಮ್' ಆದರೂ ಎಷ್ಟೋ ಸಲ ಅದು ಸುಮ್ನೆ ಇರುತ್ತದೆ. 'ಪಬ್ಲಿಕ್'ನಲ್ಲಿ ಎಲ್ ಬಿದ್ದುಹೋದರೂ ಅಷ್ಟೇ. ಬಿದ್ದರೆ ಏನಾಗುತ್ತದೆ ಅಂತ ಇಲ್ಲಿ ಬರೆಯುವಂತಿಲ್ಲ. ನನ್ನ ಕೈಯಿಂದಲೇ ಒಮ್ಮೆ ಬಿದ್ದಿತ್ತು, ಊರವರ ಅರ್ಜಿಯಲ್ಲಿ. 40 ಕಾಪಿ ಜೆರಾಕ್ಸ್ ಆದಮೇಲೆ ನೋಡಿಕೊಂಡೆ.